ನಕ್ಷತ್ರ ಆಮೆ: ಕುರುಚಲು ಕಾಡಿನ ಜೀವಿಯ ಅಳಿವು ಉಳಿವು

ನೀರಿನಲ್ಲಿ ಬಾಳುವ ಆಮೆಗಳ ಕಾಲ್ಬೆರಳುಗಳ ನಡುವೆ ಈಜಲು ನೆರವಾಗುವ ಪೊರೆಯಿದ್ದರೆ, ನೆಲದ ಮೇಲೆಯೇ ಬಾಳುವ ಆಮೆಗಳ ಕಾಲುಗಳು ಕಂಬದಂತೆ ದಪ್ಪಗಿದ್ದು ಭಾರವಾದ ಚಿಪ್ಪನ್ನು ಹೊತ್ತು ನಡೆಯುವುದಕ್ಕೆ ಹೊಂದಿಕೊಂಡಿರುತ್ತವೆ. ಭಾರತದಲ್ಲಿರುವ ಇಂಥ ನೆಲದ ಆಮೆಗಳಲ್ಲಿ ಹೆಚ್ಚು ಪರಿಚಿತವಾದದ್ದೂ, ಅಕ್ರಮ ವ್ಯಾಪಾರಕ್ಕೆ ಅತಿ ಹೆಚ್ಚು ಬಲಿಯಾಗುತ್ತಿರುವುದೂ ನಕ್ಷತ್ರ ಆಮೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ.

ಈ ಆಮೆಯ ನೆಲೆಗಳು ಒಂದಕ್ಕೊಂದು ದೂರವಿರುವ ಮೂರು ಪ್ರದೇಶಗಳಲ್ಲಿ ಹಂಚಿಹೋಗಿವೆ. ಗುಜರಾತ್, ರಾಜಸ್ಥಾನ ಮತ್ತು ಅವಕ್ಕೆ ಹೊಂದಿಕೊಂಡ ಪಾಕಿಸ್ತಾನದ ಭಾಗ ಒಂದು, ಆಂಧ್ರಪ್ರದೇಶ, ತಮಿಳುನಾಡು ಹಾಗೂ ಕರ್ನಾಟಕದ ಪೂರ್ವದ ಒಣ ಸೀಮೆ ಇನ್ನೊಂದು, ಶ್ರೀಲಂಕಾ ಮೂರನೆಯದು. ದಟ್ಟವಾದ ಮಳೆಕಾಡು ಇದಕ್ಕೆ ಒಗ್ಗದು. ಮುಳ್ಳುಪೊದೆ, ಹುಲ್ಲು, ಪಾಪಾಸುಕಳ್ಳಿ ಬೆಳೆಯುವ ಕುರುಚಲು ಕಾಡು ಮತ್ತು ಹೊಲಗಳ ಅಂಚು ಇದರ ಮನೆ. ಕಂದಾಯ ದಾಖಲೆಗಳಲ್ಲಿ ಖರಾಬು ಅಥವಾ ಗೋಮಾಳ ಎಂದು ನಮೂದಾಗಿರುವ ಇಂಥ ಭೂಮಿಯನ್ನು ಉಪಯೋಗವಿಲ್ಲದ ನೆಲವೆಂದು ಬಗೆದು ಬೇಸಾಯಕ್ಕೆ, ಕಲ್ಲುಗಣಿಗೆ, ಬಡಾವಣೆಗಳಿಗೆ ಬಿಟ್ಟುಕೊಟ್ಟಾಗ ಆಮೆ ಸದ್ದಿಲ್ಲದೆ ನೆಲೆ ಕಳೆದುಕೊಳ್ಳುತ್ತದೆ.

ಬೆನ್ನಿನ ಚಿಪ್ಪಿನ ಪ್ರತಿಯೊಂದು ಉಬ್ಬಿದ ಫಲಕದ ನಡುವೆ ಹಳದಿ ಮಚ್ಚೆಯೊಂದಿದ್ದು, ಅದರಿಂದ ಹಳದಿ ಗೆರೆಗಳು ಕಪ್ಪು ಹಿನ್ನೆಲೆಯ ಮೇಲೆ ಸುತ್ತಲೂ ಚಾಚಿಕೊಂಡಿರುತ್ತವೆ. ಕೈಯಲ್ಲಿ ಹಿಡಿದು ನೋಡಿದಾಗ ಎದ್ದುಕಾಣುವ ಈ ಚಿತ್ತಾರವು, ಒಣಹುಲ್ಲಿನ ನಡುವೆ ಬಿಸಿಲು ನೆರಳು ಬೆರೆತು ಬೀಳುವಲ್ಲಿ ಆಮೆಯ ಆಕಾರವನ್ನೇ ಒಡೆದು ಮರೆಮಾಡುತ್ತದೆ. ನರಿ, ಉಡಗಳಿಂದ ಕಾಪಾಡುವ ಇದೇ ಬಣ್ಣವು ಮನುಷ್ಯನ ಕಣ್ಣಿಗೆ ಅಲಂಕಾರವಾಗಿ ಕಂಡದ್ದು ಈ ಜೀವಿಯ ದುರ್ದೈವ.

ಮಳೆಗಾಲದಲ್ಲಿ ಆಮೆಗಳು ಚುರುಕಾಗಿ ಓಡಾಡುತ್ತವೆ. ಮೊಟ್ಟೆಯಿಡುವ ಹೆಣ್ಣು ಗಟ್ಟಿ ನೆಲವನ್ನು ತನ್ನ ಮೂತ್ರದಿಂದ ನೆನೆಸಿ, ಹಿಂಗಾಲುಗಳಿಂದ ಸ್ವಲ್ಪಸ್ವಲ್ಪವಾಗಿ ಮಣ್ಣು ತೆಗೆದು ಗುಣಿ ತೋಡಿ, ಸಾಮಾನ್ಯವಾಗಿ ಕೆಲವೇ ಮೊಟ್ಟೆಗಳನ್ನಿಟ್ಟು ಮತ್ತೆ ಮಣ್ಣು ಮುಚ್ಚಿ, ಹೊಟ್ಟೆಯ ಭಾಗದ ಚಿಪ್ಪಿನಿಂದ ಒತ್ತಿ ಸಮಮಾಡುತ್ತದೆ. ಮರಿಗಳು ಹೊರಬರಲು ತಿಂಗಳುಗಳೇ ಬೇಕು, ಅವು ಬೆಳೆದು ಸಂತಾನಶಕ್ತಿ ಪಡೆಯಲು ವರ್ಷಗಳೇ ಬೇಕು. ನಿಧಾನವಾಗಿ ಬೆಳೆದು ದೀರ್ಘಕಾಲ ಬದುಕುವ ಇಂಥ ಪ್ರಾಣಿಗಳಲ್ಲಿ ಬೆಳೆದ ಹೆಣ್ಣೊಂದನ್ನು ಎತ್ತಿಕೊಂಡು ಹೋದರೆ, ಅದು ಮುಂದಿನ ಹಲವು ವರ್ಷಗಳಲ್ಲಿ ಇಡಬೇಕಿದ್ದ ಮೊಟ್ಟೆಗಳೆಲ್ಲವೂ ಕಾಡಿಗೆ ನಷ್ಟವಾದಂತೆಯೇ.

ನಷ್ಟದ ಪ್ರಮಾಣ ಸಣ್ಣದಲ್ಲ. ಭಾರತದ ಒಂದೇ ಪ್ರದೇಶದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಮನೆಯಲ್ಲಿ ಆಮೆಯಿದ್ದರೆ ಅದೃಷ್ಟ ಕೂಡಿಬರುತ್ತದೆಂಬ ನಂಬಿಕೆ ದೇಶದೊಳಗಿನ ಬೇಡಿಕೆಯನ್ನು ಬೆಳೆಸಿದರೆ, ವಿಚಿತ್ರ ಪ್ರಾಣಿಗಳನ್ನು ಸಾಕುವ ಗೀಳು ಹೊರದೇಶಗಳ ಬೇಡಿಕೆಯನ್ನು ಬೆಳೆಸಿದೆ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಳಲ್ಲಿ ತುರುಕಿ ಸಾಗಿಸುವಾಗಲೇ ಅನೇಕ ಆಮೆಗಳು ಸಾಯುತ್ತವೆ.

ಇದನ್ನು ತಡೆಯಲು ಕಾನೂನು ಈಗ ಬಿಗಿಯಾಗಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಸದಸ್ಯ ರಾಷ್ಟ್ರಗಳು 2019ರಲ್ಲಿ ನಕ್ಷತ್ರ ಆಮೆಯನ್ನು ಮೊದಲ ಅನುಬಂಧಕ್ಕೆ, ಎಂದರೆ ಕಾಡಿನಿಂದ ಹಿಡಿದು ವಾಣಿಜ್ಯಕ್ಕಾಗಿ ಮಾರುವುದನ್ನು ಪೂರ್ತಿ ನಿಷೇಧಿಸುವ ಪಟ್ಟಿಗೆ ಸೇರಿಸಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು ಅದನ್ನು ನಾಲ್ಕನೆಯ ಅನುಸೂಚಿಯಿಂದ ಮೊದಲನೆಯದಕ್ಕೆ ಏರಿಸಿತು. 2018ರಲ್ಲಿ ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದದ್ದು ದೇಶದೇಶಗಳ ನಡುವಣ ಸಹಕಾರಕ್ಕೆ ನಿದರ್ಶನ.

ಆದರೆ ವಶಪಡಿಸಿಕೊಂಡ ಆಮೆಗಳನ್ನು ಸಿಕ್ಕ ಕಾಡಿನಲ್ಲಿ ಬಿಟ್ಟುಬಿಡುವುದು ಪರಿಹಾರವಲ್ಲ. ಒತ್ತೊತ್ತಾಗಿ ಕೂಡಿಹಾಕಿದ್ದಾಗ ಅಂಟಿದ ರೋಗಗಳು ಕಾಡಿನ ಆಮೆಗಳಿಗೂ ಹರಡಬಹುದು. ವಾಯವ್ಯ ಭಾರತದ ಆಮೆ ದಕ್ಷಿಣದ್ದರೊಂದಿಗೆ ಕೂಡಿದರೆ, ಬಹುಕಾಲದಿಂದ ಬೇರೆಬೇರೆಯಾಗಿ ಬೆಳೆದುಬಂದ ವಂಶವಾಹಿ ಗುಣಗಳು ಕಲಬೆರಕೆಯಾಗಬಹುದು. ಆದ್ದರಿಂದ ಆರೋಗ್ಯ ತಪಾಸಣೆ, ಮೂಲ ನೆಲೆಯ ಪತ್ತೆ, ಬಿಡುವ ಮುನ್ನ ಬೇಲಿಯೊಳಗೆ ಸ್ವಲ್ಪಕಾಲ ಆ ಪರಿಸರಕ್ಕೆ ಒಗ್ಗಿಸುವಿಕೆ ಇವೆಲ್ಲವೂ ಅಗತ್ಯ. ಇದರ ಸಮೀಪಬಂಧು ಮ್ಯಾನ್ಮಾರಿನ ನಕ್ಷತ್ರ ಆಮೆ ಕಾಡಿನಲ್ಲಿ ಬಹುಮಟ್ಟಿಗೆ ಇಲ್ಲವಾಗಿದ್ದಾಗ, ಅಲ್ಲಿನ ಸರ್ಕಾರ ಮತ್ತು ಸಂರಕ್ಷಣಾ ಸಂಸ್ಥೆಗಳು 2004ರಿಂದ ಸುಮಾರು 175 ಆಮೆಗಳ ಸಂತಾನಾಭಿವೃದ್ಧಿ ಕೈಗೊಂಡು ಸಂಖ್ಯೆಯನ್ನು ಹದಿನಾಲ್ಕು ಸಾವಿರ ದಾಟಿಸಿದವು. ಆ ಸಾಧನೆ ದೊಡ್ಡದು; ಆದರೆ ಕಾಡು ಬರಿದಾದ ಮೇಲೆ ಹೂಡಬೇಕಾಗಿ ಬಂದ ಅಷ್ಟೊಂದು ಶ್ರಮವನ್ನು ಭಾರತವು ಈಗಲೇ ಎಚ್ಚೆತ್ತರೆ ತಪ್ಪಿಸಬಹುದು.

ಆಮೆಯನ್ನು ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ. ನಕ್ಷತ್ರ ಆಮೆಯನ್ನು ಕಾಡಿನಿಂದ ತಂದು ಮನೆಯಲ್ಲಿ ಸಾಕುವುದು ಶಿಕ್ಷಾರ್ಹ ಅಪರಾಧವೆಂಬುದನ್ನು ಓದುಗರು ತಿಳಿದಿರಬೇಕು, ಮಾರಾಟ ಕಂಡುಬಂದರೆ ಅರಣ್ಯ ಇಲಾಖೆಗೆ ತಿಳಿಸಬೇಕು, ಹೊಲದ ಬದುವಿನಲ್ಲಿ ಆಮೆ ಎದುರಾದರೆ ಅದನ್ನು ಎತ್ತಿಕೊಳ್ಳದೆ ಅದರ ಪಾಡಿಗೆ ಬಿಡಬೇಕು.