ಬಿದಿರು ಹೂಬಿಟ್ಟ ನಾಡಿನ ಪಾಠ

ಬಿದಿರು ಹೂಬಿಟ್ಟರೆ ಬರಗಾಲ ಬರುವುದೆಂಬ ನಂಬಿಕೆ ಮಲೆನಾಡಿನ ಹಿರಿಯರಲ್ಲಿ ಉಂಟು. ಈಶಾನ್ಯದ ಮಿಜೋ ಬೆಟ್ಟಗಳಲ್ಲಿ ಅದು ಬರಿಯ ನಂಬಿಕೆಯಲ್ಲ, ಅನುಭವ. ಸುಮಾರು 48 ವರ್ಷಗಳಿಗೊಮ್ಮೆ ಅಲ್ಲಿಯ ಬಿದಿರುಮೆಳೆಗಳು ಒಟ್ಟಾಗಿ ಹೂಬಿಡುತ್ತವೆ. ಅದರ ಬೀಜ ತಿಂದು ಮಿತಿಮೀರಿ ಹೆಚ್ಚುವ ಇಲಿಗಳು, ಬೀಜ ತೀರಿದೊಡನೆ ಹೊಲಗಳಿಗೆ ನುಗ್ಗುತ್ತವೆ.

1959ರಲ್ಲಿ ಹೀಗೆಯೇ ಆಯಿತು. ಮಿಜೋ ಬೆಟ್ಟಗಳು ಆಗ ಅಸ್ಸಾಂ ರಾಜ್ಯದ ಒಂದು ಜಿಲ್ಲೆ. ಅಲ್ಲಿಯ ಜಿಲ್ಲಾ ಮಂಡಳಿ ಮುಂಚಿತವಾಗಿಯೇ ಎಚ್ಚರಿಸಿದ್ದರೂ ರಾಜ್ಯ ಸರ್ಕಾರ ಕಿವಿಗೊಡಲಿಲ್ಲ. ಹಸಿದವರಿಗೆ ಅಕ್ಕಿ ತಲುಪಿಸಲು ಹುಟ್ಟಿದ ಸಂಘವೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಎಂಬ ಪಕ್ಷವಾಯಿತು. 1966ರ ಮಾರ್ಚ್ 1ರಂದು ಅದರ ನಾಯಕ ಲಾಲ್‌ಡೆಂಗಾ ಸ್ವಾತಂತ್ರ್ಯವನ್ನೇ ಘೋಷಿಸಿದರು.

ಸಶಸ್ತ್ರ ದಂಗೆಯನ್ನು ಯಾವ ಸರ್ಕಾರವೂ ಸುಮ್ಮನೆ ನೋಡುತ್ತ ಕೂರಲಾರದು, ನಿಜ. ಆದರೆ ದಂಗೆಕೋರರಿಗೆ ವಿಧಿಸಿದ ದಂಡ ಇಡೀ ಜನತೆಯ ಮೇಲೆ ಬಿದ್ದಿತು. ಮಾರ್ಚ್ 5ರಂದು ಐಜ್ವಾಲ್ ಪಟ್ಟಣದ ಮೇಲೆ ಭಾರತದ ವಿಮಾನಗಳೇ ದಾಳಿ ನಡೆಸಿದವು. 1967ರಿಂದ ಹಳ್ಳಿಗರನ್ನು ಮನೆಮಾರು ಬಿಡಿಸಿ, ಸೈನ್ಯದ ಕಾವಲಿನ ಹೊಸ ನೆಲೆಗಳಲ್ಲಿ ಕೂಡಿಹಾಕಲಾಯಿತು. ಫಲವೇನು? ಕಲಹ ಇಪ್ಪತ್ತು ವರ್ಷ ಬೆಳೆಯಿತು.

ಕೊನೆಗೆ ಫಲಿಸಿದುದು ಮಾತುಕತೆಯೇ. 1986ರ ಜೂನ್ 30ರ ಒಪ್ಪಂದದಂತೆ ಬಂಡಾಯಗಾರರು ಶಸ್ತ್ರ ಕೆಳಗಿಟ್ಟು ಸಂವಿಧಾನಕ್ಕೆ ತಲೆಬಾಗಿದರು. ಪ್ರತಿಯಾಗಿ ಸರ್ಕಾರ ರಾಜ್ಯದ ಸ್ಥಾನವನ್ನೂ, ಮಿಜೋ ಜನರ ಆಚಾರ, ಕಟ್ಟಳೆ, ಭೂಮಿಗಳಿಗೆ ಸಂವಿಧಾನದ ರಕ್ಷಣೆಯನ್ನೂ ಇತ್ತಿತು. ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್‌ಥನ್‌ಹಾವ್ಲಾ ಪೀಠವನ್ನು ಲಾಲ್‌ಡೆಂಗಾರಿಗೆ ಬಿಟ್ಟುಕೊಟ್ಟು ತಾವು ಉಪಮುಖ್ಯಮಂತ್ರಿಯಾದರು. ಗೆದ್ದವನೇ ಬಗ್ಗಿ ನಡೆದ ಇಂಥ ಔದಾರ್ಯ ರಾಜಕೀಯದಲ್ಲಿ ಅಪರೂಪ. 1988ರಲ್ಲಿ ಲಾಲ್‌ಡೆಂಗಾರ ಸರ್ಕಾರ ಉರುಳಿತು, ಮರುವರ್ಷದ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಆದರೂ ಅವರು ಮತ್ತೆ ಕಾಡಿನ ಹಾದಿ ಹಿಡಿಯಲಿಲ್ಲ.

ಬೇರೆಯಾಗುವೆವೆಂಬ ಕೂಗಿಗೆ ಮೊದಲು ಕೊಡಬೇಕಾದುದು ಕಿವಿ. ದೇಶದ ಅಖಂಡತೆಯಲ್ಲಿ ಸರ್ಕಾರ ಎಷ್ಟು ದೃಢವೋ, ಜನರ ಮಾನ ಕಾಯುವುದರಲ್ಲಿಯೂ ಅಷ್ಟೇ ದೃಢವಾಗಿರಬೇಕು.

2007ರ ವೇಳೆಗೆ ಮಿಜೋರಾಂನಲ್ಲಿ ಬಿದಿರು ಮತ್ತೆ ಹೂಬಿಟ್ಟಿತು. ಇಲಿಗಳು ಬಂದವು, ಬೆಳೆ ಹಾಳಾಯಿತು. ಆಗ ಆಳುತ್ತಿದ್ದುದು ಅದೇ ಮಿಜೋ ನ್ಯಾಷನಲ್ ಫ್ರಂಟ್. 2008ರ ಚುನಾವಣೆಯಲ್ಲಿ ಜನರು ಅದನ್ನು ಅಧಿಕಾರದಿಂದ ಇಳಿಸಿದರು. ಅಜ್ಜಂದಿರ ಕಾಲದಲ್ಲಿ ಬಂದೂಕು ಹಿಡಿಸಿದ ಬಿದಿರಿನ ಹೂವಿಗೆ ಮೊಮ್ಮಕ್ಕಳ ಕಾಲದಲ್ಲಿ ಮತವೊಂದೇ ಸಾಕಾಯಿತು.