ಉಪ್ಪುನೀರಿನಲ್ಲಿ 57 ವರ್ಷ

ಮೃತ ಸಮುದ್ರದ ನೀರು ಕಡಲಿನ ನೀರಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಉಪ್ಪು. ಜೋರ್ಡಾನ್ ನದಿಯಿಂದ ಇಳಿದು ಬಂದ ಮೀನು ಅಲ್ಲಿ ಬದುಕುವುದಿಲ್ಲ. 1890ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲೂಯಿ ಲೋರ್ತೆ ಅಲ್ಲಿನ ಕೆಸರಿನಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾ ಕಂಡಿದ್ದರು ನಿಜ. ಆದರೆ ಅವು ಎಲ್ಲಿಂದಲೋ ಬಂದು ಬೀಜಕಣಗಳಾಗಿ ಅಡಗಿದ್ದವು, ಆ ಉಪ್ಪಿನಲ್ಲೇ ಬೆಳೆಯುವಂಥವಲ್ಲ. ಅಲ್ಲಿನದೇ ಜೀವಿಗಳಿವೆ ಎಂದು ತೋರಿಸಿಕೊಟ್ಟವರು ಬೆಂಜಮಿನ್ ವೋಲ್ಕಾನಿ. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಪುಟ್ಟ ಬರಹ ಅಚ್ಚಾದಾಗ ಅವರಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ.

ಮುಂದೆ ವೋಲ್ಕಾನಿ ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ ಸೇರಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಅಧ್ಯಯನದಲ್ಲಿ ಮುಳುಗಿದರು. ಈ ನಡುವೆ ಅವರು ಮೊದಲು ಬೇರ್ಪಡಿಸಿದ್ದ ಒಂದು ಮುಖ್ಯ ತಳಿಯೇ ಕಳೆದುಹೋಯಿತು. ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಜೀವಂತ ಕಲ್ಚರ್ ಇಲ್ಲದಿದ್ದರೆ ಹೆಸರನ್ನು ಯಾವುದರೊಂದಿಗೆ ತಾಳೆ ನೋಡುವುದು? ಸೂಕ್ಷ್ಮಜೀವಿ ಹೆಸರುಗಳ 1980ರ ಅಧಿಕೃತ ಪಟ್ಟಿಯಲ್ಲಿ ಆ ತಳಿಗೆ ಕೊಟ್ಟಿದ್ದ ಹೆಸರಿಗೆ ಜಾಗ ಸಿಗಲಿಲ್ಲ. ಅದೇ ಸಮುದ್ರದಿಂದ ಬೇರೆಯವರು ಹೊಸದಾಗಿ ಹಿಡಿದ ತಳಿಯನ್ನು ಆಧಾರವಾಗಿಟ್ಟುಕೊಂಡು 1990ರಲ್ಲಿ ಹ್ಯಾಲೋಆರ್ಕ್ಯುಲಾ ಮಾರಿಸ್ಮಾರ್ಟುಯಿ ಎಂದು ಅದಕ್ಕೆ ಮರುಜೀವ ಕೊಡಬೇಕಾಯಿತು. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ನ ದೊಡ್ಡ ಭಾಗದ ರಚನೆಯನ್ನು ಪರಮಾಣು ಮಟ್ಟದಲ್ಲಿ 2000ದಲ್ಲಿ ತೆರೆದು ತೋರಿಸಿದ್ದು ಈ ಜೀವಿಯೇ. ರೈಬೋಸೋಮ್ ಸಂಶೋಧನೆಗೆ ಸಿಕ್ಕ 2009ರ ನೊಬೆಲ್‌ನ ಹಿಂದೆ ಅದರ ಪಾಲೂ ಇದೆ. ಇಂಥದ್ದನ್ನು ಕಳೆದುಕೊಂಡಿದ್ದೆವು!

ಅದೃಷ್ಟವಶಾತ್ ಎಲ್ಲವೂ ಕಳೆದಿರಲಿಲ್ಲ. ಮೂವತ್ತರ ದಶಕದಲ್ಲಿ ವೋಲ್ಕಾನಿ ಪೋಷಕಾಂಶ ಬೆರೆಸಿಟ್ಟ ಮೃತ ಸಮುದ್ರದ ನೀರು ಉಳಿದುಕೊಂಡಿತ್ತು. ಸ್ಪೇನಿನ ಸೆವಿಲ್‌ನ ಅಂಟೋನಿಯೊ ವೆಂಟೋಸಾ ತಂಡ ವೋಲ್ಕಾನಿಯವರ ಜೊತೆಗೂಡಿ ಅದನ್ನು ಪರೀಕ್ಷಿಸಿದಾಗ, ಸಂಗ್ರಹಿಸಿ ಸುಮಾರು 57 ವರ್ಷ ಕಳೆದಿದ್ದ ನೀರಿನಿಂದ, ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನವಾದ ಉಪ್ಪುಪ್ರಿಯ ಆರ್ಕಿಯಾಗಳ 22 ತಳಿಗಳು ಎದ್ದುಬಂದವು. ಬೀಜಕಣ ಕಟ್ಟಲು ಬಾರದ ಜೀವಿಗಳು ಅಷ್ಟು ಕಾಲ ತಾಳಿಕೊಂಡಿದ್ದವು ಎಂಬುದನ್ನು ಓದಿದಾಗ ನನಗಂತೂ ಮೈ ಜುಮ್ಮೆಂದಿತು.

ಇವಲ್ಲದೆ ಕೋಲಿನಾಕಾರದ, ಬೀಜಕಣ ಕಟ್ಟುವ ಬ್ಯಾಕ್ಟೀರಿಯಾಗಳ 91 ತಳಿಗಳೂ ಸಿಕ್ಕವು. ಇವು ಹೊಸವೇ, ಈಗಾಗಲೇ ಗೊತ್ತಿರುವವೇ? ಸೂಕ್ಷ್ಮದರ್ಶಕಕ್ಕೆ ಕೋಲಿನಂಥ ಬ್ಯಾಕ್ಟೀರಿಯಾಗಳೆಲ್ಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಷ್ಟು ಉಪ್ಪಿನಲ್ಲಿ ಬೆಳೆಯುತ್ತದೆ, ಯಾವ ಸಕ್ಕರೆಯಿಂದ ಆಮ್ಲ ಮಾಡುತ್ತದೆ ಎಂದು ಒಂದೊಂದಾಗಿ ನೋಡಬೇಕು. ಆಮೇಲೆ ರೈಬೋಸೋಮಿನ 16ಎಸ್ ಆರ್‌ಎನ್‌ಎ ಅನುಕ್ರಮ ಓದಿ ನೆಂಟರನ್ನು ಗುರುತಿಸಬೇಕು. ಈ ತಳಿಗಳ ಹತ್ತಿರದ ನೆಂಟ ಸ್ಪೇನಿನ ಉಪ್ಪಿನಾಗರ ಮತ್ತು ಚೌಳು ಮಣ್ಣಿನಲ್ಲಿ ಸಿಕ್ಕಿದ್ದ ಬ್ಯಾಸಿಲಸ್ ಸ್ಯಾಲೆಕ್ಸಿಜೆನ್ಸ್. ಕೊನೆಗೆ ಎರಡರ ಡಿಎನ್‌ಎ ಎಳೆಗಳು ಎಷ್ಟರಮಟ್ಟಿಗೆ ಹೆಣೆದುಕೊಳ್ಳುತ್ತವೆ ಎಂಬ ಪರೀಕ್ಷೆ. ಶೇ 70ಕ್ಕಿಂತ ಕಡಿಮೆಯಾದರೆ ಬೇರೆ ಪ್ರಭೇದ ಎಂಬುದು ಆಗಿನ ಅಳತೆ. ಕಡಿಮೆಯೇ ಬಂತು. 1999ರಲ್ಲಿ ಬ್ಯಾಸಿಲಸ್ ಮಾರಿಸ್ಮಾರ್ಟುಯಿ ಎಂಬ ಹೊಸ ಪ್ರಭೇದವಾಗಿ ಅವು ಪ್ರಕಟವಾದವು, ಲೇಖಕರಲ್ಲಿ ವೋಲ್ಕಾನಿಯವರೂ ಒಬ್ಬರು. ಅದೇ ವರ್ಷ ಅವರು ತೀರಿಕೊಂಡರು.

ಅವರು ನೀರು ತುಂಬಿಸಿಕೊಂಡ ಆ ಸಮುದ್ರ ಈಗಿಲ್ಲ. ಆಗ ಹಗುರವಾದ ಮೇಲ್ಪದರವೂ ಭಾರವಾದ ತಳದ ನೀರೂ ಬೆರೆಯದೆ ನಿಂತಿದ್ದವು. ನದಿನೀರನ್ನು ಬೇರೆಡೆಗೆ ತಿರುಗಿಸಿದ್ದರಿಂದ ಮೇಲಿನದೂ ಉಪ್ಪಾಗುತ್ತ ಹೋಗಿ, 1979ರಲ್ಲಿ ಎರಡೂ ಕಲಸಿಹೋದವು. ಈಗ ನೀರಿನ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಹಳೆಯ ಮಾದರಿಗಳನ್ನು ಜಾಗವಿಲ್ಲವೆಂದು ಚೆಲ್ಲುವವರಿಗೆ ಇದನ್ನು ಹೇಳಬೇಕು: ಆ ನೀರನ್ನು ಇನ್ನೊಮ್ಮೆ ತರಲು ಯಾರಿಂದಲೂ ಆಗದು.

ಬ್ಯಾಸಿಲಸ್ ಮಾರಿಸ್ಮಾರ್ಟುಯಿಯ ಕುಲನಾಮ ಆಮೇಲೆ ಸ್ಯಾಲಿಬ್ಯಾಸಿಲಸ್ ಆಗಿ, ಮತ್ತೆ ವರ್ಜಿಬ್ಯಾಸಿಲಸ್ ಆಗಿ ಬದಲಾಗಿದೆ. ಹೆಸರಿಗೆ ಆಧಾರವಾದ ಅದರ ಮಾದರಿ ತಳಿ ಮಾತ್ರ ಸ್ಪೇನ್, ಜರ್ಮನಿ, ಅಮೆರಿಕದ ಸಂಗ್ರಹಗಳಲ್ಲಿ ಭದ್ರವಾಗಿದೆ. ಬೇಕಾದ ಪ್ರಯೋಗಾಲಯದವರು ತರಿಸಿಕೊಂಡು ಬೆಳೆಸಬಹುದು.