ಏಳು ಸುತ್ತಿನ ಹಾಡು

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಒಮ್ಮೆ ಹೊಸದುರ್ಗದ ಗೆಳೆಯನೊಬ್ಬ ಜೊತೆಗಿದ್ದ. ಹಿರಿಯೂರು ಬಿಡುವಾಗ ಒಂದು ಹಾಡು ಹಾಕಿದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣಿಸುವ ಹೊತ್ತಿಗೆ ಅವನಿಗೆ ಸಾಕಾಗಿತ್ತು. ‘ಇಷ್ಟೊತ್ತಿಗೆ ಎಷ್ಟು ಹಾಡು ಆದ್ವೋ?’ ಎಂದ. ‘ಇನ್ನೂ ಒಂದೇ ಮುಗಿದಿಲ್ಲ ಕಣೋ’ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

ಅದು ಜೆಥ್ರೊ ಟಲ್ ತಂಡದ ‘ಥಿಕ್ ಆ್ಯಸ್ ಎ ಬ್ರಿಕ್’. 1972ರ ಆಲ್ಬಂ. ರೆಕಾರ್ಡಿನ ಎರಡು ಬದಿಗೂ ಸೇರಿ ಇರುವುದು ಒಂದೇ ಹಾಡು, 43 ನಿಮಿಷದ ಮೇಲೆ. ರೆಕಾರ್ಡನ್ನು ಮಗುಚಿ ಹಾಕಲೇಬೇಕಲ್ಲ ಎಂಬ ಒಂದೇ ಕಾರಣಕ್ಕೆ ನಡುವೆ ಒಂದು ತಡೆ.

ಇಂಥ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. 1969ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಬಂತು. ಅಲ್ಲಿಂದ ನಾಲ್ಕೈದು ವರ್ಷ ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್‌ನಂಥ ತಂಡಗಳದೇ ಸುಗ್ಗಿ. ರೇಡಿಯೊಕ್ಕೆಂದು ಮೂರು ನಿಮಿಷಕ್ಕೆ ಕತ್ತರಿಸಿಟ್ಟ ಹಾಡು ಇವರಿಗೆ ಸಾಲಲಿಲ್ಲ. ಎಲ್‌ಪಿಯ ಒಂದು ಬದಿ ಇಪ್ಪತ್ತು ನಿಮಿಷ ಹಿಡಿಯುತ್ತದೆ ಎಂದಾದರೆ ಆ ಇಪ್ಪತ್ತು ನಿಮಿಷಕ್ಕೂ ಒಂದೇ ಹಾಡು ಯಾಕಾಗಬಾರದು ಎಂದು ಹೊರಟರು.

ಉದ್ದ ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ಆ ಉದ್ದವನ್ನು ಕಟ್ಟುವುದು ವಿದ್ಯೆ. ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರಿಗೆ ಇದನ್ನು ಹೇಳುವುದು ಸುಲಭ. ಒಂದು ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲು ಕಾಣುವುದಿಲ್ಲ. ಗೋಡೆ ಹಿಡಿದು ತಿರುಗಬೇಕು, ಮತ್ತೆ ತಿರುಗಬೇಕು. ಇನ್ನೂ ಎಷ್ಟಿದೆಯಪ್ಪಾ ಎನ್ನುವಷ್ಟರಲ್ಲಿ ಬಯಲು ತೆರೆದುಕೊಂಡು ಏಕನಾಥಮ್ಮನ ಗುಡಿ, ಹಿಡಿಂಬೇಶ್ವರನ ಗುಡಿ ಕಣ್ಣಿಗೆ ಬೀಳುತ್ತವೆ.

ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ (1972) ಹೀಗೇ ಕಟ್ಟಿದ ಹಾಡು. ಹದಿನೆಂಟು ನಿಮಿಷ ಮೀರಿದ್ದು, ನಾಲ್ಕು ಭಾಗದ್ದು. ಹಕ್ಕಿಯ ದನಿ, ಹರಿವ ನೀರಿನ ಸದ್ದಿನಿಂದ ಶುರು. ಏಕಾಏಕಿ ಗಿಟಾರು, ಡ್ರಮ್ಸು ಒಂದರ ಮೇಲೊಂದು ಬಿದ್ದಂತೆ ಗದ್ದಲ. ಆ ಗದ್ದಲದೊಳಗಿಂದ ಒಂದು ಸ್ವರಗುಚ್ಛ ತಲೆಯೆತ್ತುತ್ತದೆ. ಅದೇ ಹಾಡಿನ ಪಲ್ಲವಿ ಎನ್ನಿ. ಮೂರನೆಯ ಭಾಗದಲ್ಲಿ ಲಯ ಬಹುತೇಕ ನಿಂತುಹೋಗಿ, ಚರ್ಚಿನ ದೊಡ್ಡ ಆರ್ಗನ್ ಒಂದೇ ಮೊಳಗುತ್ತದೆ. ಕೋಟೆಯ ಬಯಲು ಅದು. ಕೊನೆಗೆ ಹಳೆಯ ಪಲ್ಲವಿ ಮರಳುತ್ತದೆ. ಸ್ವರ ಅದೇ ಇದ್ದರೂ ಅಷ್ಟು ಸುತ್ತು ಹತ್ತಿ ಬಂದ ಕಿವಿಗೆ ಅದರ ತೂಕ ಬೇರೆ. ಮತ್ತೆ ನೀರು, ಹಕ್ಕಿ. ಈ ಹಾಡಿಗೆ ಪ್ರೇರಣೆ ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿ ಎಂದು ತಿಳಿದಾಗ ಆ ನೀರಿನ ಸದ್ದು ಯಾಕೆಂದು ಹೊಳೆಯುತ್ತದೆ. ನದಿಯ ದಂಡೆಯಲ್ಲಿ ಕೂತು ನೀರಿಗೆ ಕಿವಿಗೊಡುವವನ ಕಥೆಯಲ್ಲವೆ ಅದು.

ಎರಡನೆಯ ವಿದ್ಯೆ ತಾಳ. ರಾಕ್ ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಇವರು ಐದು, ಏಳು, ಒಂಬತ್ತಕ್ಕೆ ಕೈಹಾಕಿದರು. ಅಲ್ಲಿನ ಕೇಳುಗರಿಗೆ ಇದು ಎಡವಿದಂತೆ ಕೇಳಿಸಿರಬಹುದು. ಐದರ ಖಂಡ ಛಾಪು, ಏಳರ ಮಿಶ್ರ ಛಾಪು ಕೇಳಿ ಬೆಳೆದ ನಮಗೆ ಅದರಲ್ಲಿ ಗಾಬರಿ ಏನಿದೆ? ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಹಾಡನ್ನು ತೊಡೆ ತಟ್ಟಿ ಎಣಿಸಿ. ಏಳು ಸಿಗುತ್ತದೆ. ಮಿಶ್ರ ಛಾಪುವಿನ ಓಟ ಇದಕ್ಕಿಲ್ಲ. ಜೇಬಿಗೆ ಕೈ ಹಾಕಿಕೊಂಡು ಸಂತೆಯಲ್ಲಿ ಅಡ್ಡಾಡುವವನ ನಡಿಗೆ.

ಆ ಏಳನ್ನು ಅವರು ಮೊದಲು ಕೂಡಿಸಿದ್ದು ವಾದ್ಯದಿಂದಲ್ಲ. ತಂಡದ ರೋಜರ್ ವಾಟರ್ಸ್‌ನ ಆಗಿನ ಹೆಂಡತಿ ಮಡಿಕೆ ಮಾಡುವ ಕಲಾವಿದೆ. ಅವಳ ಮಣ್ಣು ಕಲೆಸುವ ಬೋಗುಣಿಗೆ ಚಿಲ್ಲರೆ ಕಾಸು ಎಸೆದು ಸದ್ದು ಹಿಡಿದರು. ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾ ಯಂತ್ರದ ಸದ್ದು ಜೊತೆಗೆ ಸೇರಿದವು. ಪ್ರತಿ ಸದ್ದಿನ ಟೇಪನ್ನು ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಏಳು ತುಂಡು ಅಂಟಿಸಿ, ಬಳೆಯಂತೆ ಸುತ್ತಲು ಬಿಟ್ಟರು. ಹಾಡಿನ ತಾಳ ಅಲ್ಲಿಂದ ಹೊರಟಿತು. ಸ್ಯಾಕ್ಸೊಫೋನ್ ಏಳರಲ್ಲೇ ನುಡಿಯುತ್ತದೆ. ಗಿಟಾರಿನ ಸರದಿ ಬಂದಾಗ ತಾಳ ನಾಲ್ಕಕ್ಕೆ ಇಳಿಯುತ್ತದೆ. ಆ ಇಳಿತವನ್ನು ಹಿಡಿದ ದಿನ ನೀವು ಅರ್ಧ ದಾರಿ ಬಂದಿರಿ.

ಇನ್ನೊಂದು ವಾದ್ಯದ ಹೆಸರು ಹೇಳಲೇಬೇಕು, ಮೆಲೊಟ್ರಾನ್. ನೋಡಲು ಹಾರ್ಮೋನಿಯಂನ ಅಣ್ಣನಂತೆ. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಮೊದಲೇ ನುಡಿಸಿಟ್ಟ ಪಿಟೀಲೋ ಕೊಳಲೋ. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ತೀರುತ್ತದೆ. ಬೆರಳೆತ್ತಿದರೆ ಹಿಂದಕ್ಕೆ ಬಂದು ಕೂರುತ್ತದೆ. ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂನಲ್ಲಿ ಬೆಟ್ಟದ ಮೇಲೆ ಮೋಡ ಕವಿದಂತೆ ತುಂಬಿಕೊಳ್ಳುವ ನಾದ ಇದರದೇ.

ಹಾಗೆಂದು ಎಲ್ಲವೂ ಚಿನ್ನವೇನಲ್ಲ. ಬೆರಳಿನ ವೇಗ ತೋರಿಸಲೆಂದೇ ಎಳೆದ ಭಾಗಗಳೂ ಇವರಲ್ಲಿ ಬೇಕಾದಷ್ಟಿವೆ. ‘ಥಿಕ್ ಆ್ಯಸ್ ಎ ಬ್ರಿಕ್’ ಹುಟ್ಟಿದ್ದೇ ಇಂಥ ಗತ್ತನ್ನು ಗೇಲಿ ಮಾಡಲು. ಅದರ ಹೊದಿಕೆ ಒಂದು ಹುಸಿ ದಿನಪತ್ರಿಕೆ. ಗೇಲಿಗೆಂದು ಮಾಡಿದ್ದೇ ಆ ಬಗೆಯ ಉತ್ತಮ ಕೃತಿಯಾಗಿ ಉಳಿದದ್ದು ಚೋದ್ಯ.

ನಮ್ಮ ನಾಡಿಗೂ ಇದರ ಗಾಳಿ ಬೀಸಿದೆ. ರೋಜರ್ ವಾಟರ್ಸ್ 2002ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ. ಬೆಂಗಳೂರಿನದೇ ಆದ ‘ಅಗಂ’ ತಂಡ ದೀಕ್ಷಿತರ ‘ರಂಗಪುರ ವಿಹಾರ’ದಂಥ ಕೃತಿಗಳನ್ನು ಡ್ರಮ್ಸು, ಗಿಟಾರಿನ ಜೊತೆ ಇದೇ ಬಗೆಯಲ್ಲಿ ಕಟ್ಟುತ್ತದೆ.

ಆದರೆ ನನಗೆ ಇದರ ನಿಜವಾದ ನಂಟು ಕಾಣುವುದು ಇನ್ನೂ ಹತ್ತಿರದಲ್ಲಿ. ನಮ್ಮ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ಜೊತೆಗಿರುವುದು ಗಣೆ, ಮಾಮೂಲಿ ಕೊಳಲಿಗಿಂತ ಬಲು ಉದ್ದದ ಬಿದಿರು. ಅದರಲ್ಲಿ ಸ್ವರದ ಜೊತೆ ನುಡಿಸುವವನ ಉಸಿರೂ ಕೇಳುತ್ತದೆ. ಜೆಥ್ರೊ ಟಲ್‌ನ ಇಯಾನ್ ಆಂಡರ್ಸನ್ ಒಂಟಿಕಾಲಲ್ಲಿ ನಿಂತು, ಕೊಳಲಿನೊಳಗೇ ಗುನುಗುತ್ತ ಊದುವಾಗ ನನಗೆ ನೆನಪಾಗುವುದು ಆ ಗಣೆ. ಒಬ್ಬರಿಂದ ಒಬ್ಬರು ಕಲಿತವರಲ್ಲ. ಕಥೆ ದೊಡ್ಡದಾದರೆ ಹಾಡೂ ದೊಡ್ಡದಾಗಬೇಕು ಎಂಬುದನ್ನು ಇಬ್ಬರೂ ಬಲ್ಲರು, ಅಷ್ಟೆ. ಬಯಲಾಟಕ್ಕೆ ಬೆಳಗಿನತನಕ ಕೂರುವ ಊರಿನವರು ಹದಿನೆಂಟು ನಿಮಿಷ ಉದ್ದವಾಯಿತು ಎನ್ನಬಾರದು.

ಹೊಸಬರು ‘ಮನಿ’ಯಿಂದ ಶುರುಮಾಡಿ, ಆಮೇಲೆ ‘ಕ್ಲೋಸ್ ಟು ದಿ ಎಡ್ಜ್’ಗೆ ಹೋಗಿ. ಮೊದಲ ಸಲ ಗದ್ದಲವೆನಿಸುತ್ತದೆ, ಎರಡನೆಯ ಸಲ ಬಾಗಿಲುಗಳು ಕಾಣುತ್ತವೆ. ಮೂರನೆಯ ಸಲ ಕೇಳಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ, ತಪ್ಪೇನಿಲ್ಲ. ಒಂದೇ ಕೋರಿಕೆ: ನಡುವೆ ಮಾತ್ರ ನಿಲ್ಲಿಸಬೇಡಿ.